ಮಾವನ ಮನೆಗೆ ಒಯ್ದ ಬ್ರೆಡ್ಡು

ಕುಮಾರಸ್ವಾಮಿ ಮಾಡಿದ ಬ್ರೆಡ್ಡಿನ ಎರಡನೆಯ ತುಂಡು ಕೇಳುವ ಮನುಷ್ಯ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೊದಲನೆಯ ತುಂಡನ್ನೂ ಯಾರೂ ಕೇಳಿದ್ದಿಲ್ಲ. ಅದನ್ನು ಅವನೇ ಕೈಗೆ ತುರುಕುತ್ತಿದ್ದ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮುಗಿಸಿ ಬಂದು, ಉಳಿದ ಗಂಡಸರೆಲ್ಲ ಟೀ ಅಂಗಡಿಯಲ್ಲಿ ರಾಜಕೀಯ ಮಾತಾಡುವ ಹೊತ್ತಿನಲ್ಲಿ ಅವನು ಅಡುಗೆಮನೆಯಲ್ಲಿ ಹಿಟ್ಟು ಕಲೆಸುತ್ತಿದ್ದ. ಮೊಬೈಲಿನಲ್ಲಿ ಯಾರೋ ಪರದೇಶದವನು ಬ್ರೆಡ್ಡು ಮುರಿದಾಗ ಕೇಳಿಸಿದ 'ಕರಕ್' ಎಂಬ ಸದ್ದು ಅವನ ತಲೆ ಹೊಕ್ಕಿತ್ತು. ಅಂಥದ್ದೊಂದು ಸದ್ದು ತನ್ನ ಬ್ರೆಡ್ಡಿನಿಂದಲೂ ಬರಬೇಕು, ಯಾರಾದರೂ 'ಚೆನ್ನಾಗಿದೆ' ಅನ್ನಬೇಕು. ಇಷ್ಟೇ ಅವನ ಆಸೆ.

ಮೊದಲು ಮಾಡಿದ್ದು ಬಾಗೆಟ್ ಎಂಬ ಉದ್ದನೆಯ ಫ್ರೆಂಚ್ ಬ್ರೆಡ್ಡು. ಓವನ್ನು ಗಿಡ್ಡ, ಬ್ರೆಡ್ಡು ಉದ್ದ, ಓರೆಯಾಗಿ ತುರುಕಿದ. ಕುಡುಗೋಲಿನ ಆಕಾರದಲ್ಲಿ ಹೊರಬಂತು. ಆಮೇಲೆ ಮೈದಾಕ್ಕೆ ರಾಗಿ, ಜೋಳ, ಕಡೆಗೆ ಹುರುಳಿಹಿಟ್ಟನ್ನೂ ಬೆರೆಸಿ ನೋಡಿದ. (ಹುರುಳಿಯ ಬ್ರೆಡ್ಡನ್ನು ಪಕ್ಕದ ಮನೆಯ ಹಸು ಮೂಸಿ ಮುಖ ತಿರುಗಿಸಿತು. ಹುರುಳಿಗೆ ಮುಖ ತಿರುಗಿಸಿದ ಹಸು ಇತಿಹಾಸದಲ್ಲೇ ಅದೊಂದು ಇರಬೇಕು.) ಕೊನೆಗೆ ಬಂದು ನಿಂತದ್ದು ಸಾವರ್‌ಡೋ ಎಂಬ ಹುಳಿಬ್ರೆಡ್ಡಿಗೆ. ಅದರ ಹುಳಿಹಿಟ್ಟನ್ನು ಉಪ್ಪಿನಕಾಯಿ ಭರಣಿಯಲ್ಲಿ ಸಾಕಿಕೊಂಡು, ದಿನಾ ಬೆಳಿಗ್ಗೆ ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಿ, ಉಬ್ಬಿದೆಯೇ ಎಂದು ಬಗ್ಗಿ ನೋಡಿದ ಮೇಲೆಯೇ ಅವನು ಕಾಲೇಜಿಗೆ ಹೊರಡುತ್ತಿದ್ದ.

"ನಂಗೆ ಜ್ವರ ಬಂದಾಗ ಒಂದಿನ ಹಿಂಗೆ ಬಗ್ಗಿ ನೋಡಿದ್ರಾ?" ಎಂದು ಹೆಂಡತಿ ರೂಪಶ್ರೀ ಕೇಳಿದ್ದಳು. ಕೂಗಾಡಿ ಕೇಳಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಅವಳು ಸೊಪ್ಪು ಬಿಡಿಸುತ್ತ ಕೇಳಿದ್ದಳು.

ಆ ಭಾನುವಾರ ತೆರಕಣಾಂಬಿಯ ಮಾವನ ಮನೆಗೆ ಸಂತೆಮರಹಳ್ಳಿಯಿಂದ ಬೀಗರಾಗುವವರು ಬರುವವರಿದ್ದರು. ನಾದಿನಿ ನಯನಾಳನ್ನು ಹುಡುಗ ಒಪ್ಪಿದ್ದ, ಅವಳಿಗೂ ಅವನು ತುಂಬ ಹಿಡಿಸಿದ್ದ. ಹಿರಿಯರ ಮಾತೊಂದೇ ಬಾಕಿ. ರೂಪಶ್ರೀ ಹಿಂದಿನ ದಿನವೇ ತವರಿಗೆ ಹೊರಟಳು. ಹೊರಡುವಾಗ ಗಂಡನಿಗೆ ಒಂದೇ ಎಚ್ಚರಿಕೆ ಕೊಟ್ಟಳು: ಅಪ್ಪ ಮಾದಪ್ಪನವರಿಗೆ ಮೈಸೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಸುದ್ದಿ ಬಾಯಿಂದ ಬರಕೂಡದು. ಹಿಂದಿನ ಸಂಬಂಧ ಮುರಿದದ್ದೇ ಅದರಿಂದ. ಮಾವನ ಆಸ್ಪತ್ರೆ ಓಡಾಟವೆಲ್ಲ ನಮ್ಮ ಹುಡುಗನ ತಲೆಗೆ ಬೀಳುತ್ತದೆ ಎಂದು ಆ ಗಂಡಿನ ಕಡೆಯವರು ಮೆಲ್ಲನೆ ಜಾರಿಕೊಂಡಿದ್ದರು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕಾಫಿ ತಟ್ಟೆ ಹಿಡಿಯುವುದಿಲ್ಲ ಎಂದು ನಯನಾ ಹೇಳಿಬಿಟ್ಟಿದ್ದಳು.

ಕುಮಾರಸ್ವಾಮಿ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಬರಿಗೈಲಿ ಹೋಗುವುದೆಂತು? ಭಾನುವಾರ ಬೆಳಿಗ್ಗೆಯೇ ಅವನ ಓವನ್ನಿನಿಂದ ಜೀವಮಾನದ ಸರ್ವೋತ್ಕೃಷ್ಟ ಬ್ರೆಡ್ಡು ಅವತರಿಸಿತ್ತು. ರಾಗಿ ಬೆರೆಸಿದ್ದು, ಗುಂಡಗೆ, ತಟ್ಟಿದರೆ ತಮಟೆಯ ಸದ್ದು. ಬಿಳಿ ಬಟ್ಟೆಯಲ್ಲಿ ಸುತ್ತಿ ಬೈಕಿನ ಮುಂದೆ ಕೂಸಿನಂತೆ ಕೂರಿಸಿಕೊಂಡು ಹೊರಟ.

ಹಜಾರದಲ್ಲಿ ಎಲ್ಲರೂ ಕೂತಿದ್ದರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದಿಟ್ಟ. "ಬ್ರೆಡ್ಡು ತಂದಿದೀನಿ ಮಾವ."

ಹುಡುಗನ ತಾಯಿ ಶಿವರುದ್ರಮ್ಮ ಬ್ರೆಡ್ಡನ್ನು ನೋಡಿದರು, ಮಾದಪ್ಪನವರನ್ನು ನೋಡಿದರು. ನಮ್ಮ ಕಡೆ ನೆಂಟರ ಮನೆಗೆ ಹೂವು, ಬಾಳೆಹಣ್ಣು, ಸಿಹಿ ಒಯ್ಯುತ್ತಾರೆ. ಬ್ರೆಡ್ಡು ಒಯ್ಯುವುದು ಹಾಸಿಗೆ ಹಿಡಿದವರನ್ನು ನೋಡಲು ಹೋಗುವಾಗ ಮಾತ್ರ. ಇದು ಕುಮಾರಸ್ವಾಮಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ತನ್ನದು ಆ ಜಾತಿಯ ಬ್ರೆಡ್ಡಲ್ಲ ಎಂದುಕೊಂಡಿದ್ದ, ಅಷ್ಟೆ.

"ಯಾರ್ಗೆ ಉಸಾರಿಲ್ಲ?" ಎಂದರು ಶಿವರುದ್ರಮ್ಮ.

ಎಲ್ಲರೂ ಆರೋಗ್ಯವಾಗಿದ್ದಾರೆ, ಇದು ನಾನೇ ಮನೆಯಲ್ಲಿ ಮಾಡಿದ್ದು ಎಂದು ಅವನು ವಿವರಿಸಿದ.

"ಗಂಡಸ್ರು ಮನೇಲಿ ಕೂತ್ಕಂಡು ಬ್ರೆಡ್ಡು ಮಾಡುದ್ರಾ?" ಆಕೆ ನಗಲಿಲ್ಲ. "ಯಾಕ್ ಮುಚ್ಚಿಡ್ತೀರಿ, ಯೋಳಿ."

ಮಾದಪ್ಪನವರ ಕೈ ತಾನಾಗಿ ಎದೆಯ ಕಡೆ ಹೋಯಿತು. ಬಾಗಿಲ ಹಿಂದೆ ನಯನಾಳ ಬಳೆಗಳ ಸದ್ದು ನಿಂತಿತು. ಆಗ ರೂಪಶ್ರೀ ಒಳಗಿಂದ ಬಂದಳು.

"ಇವರಿಗೇ ಅಮ್ಮ," ಎಂದಳು, ಗಂಡನನ್ನು ತೋರಿಸಿ. "ಕರುಳು ಕೆಟ್ಟೋಗಿದೆ. ಬ್ರೆಡ್ಡು ಬಿಟ್ಟು ಬೇರೇನೂ ಕೊಡಬೇಡಿ ಅಂದವ್ರೆ ಡಾಕ್ಟ್ರು. ಹೋದ ಕಡೆಗೆಲ್ಲ ಇವರ ಬ್ರೆಡ್ಡು ಇವರೇ ಹೊತ್ಕೊಂಡು ಹೋಗಬೇಕು. ಹೇಳ್ಕೊಳ್ಳೋಕೆ ನಾಚಿಕೆ."

ಕುಮಾರಸ್ವಾಮಿ ಬಾಯಿ ತೆರೆದ. ಅವಳ ಕಣ್ಣು ಕಂಡಿತು. ಮುಚ್ಚಿದ.

ಕೂತವರಿಗೆಲ್ಲ ಉಸಿರು ಬಂತು. ಶಿವರುದ್ರಮ್ಮ ರೂಪಶ್ರೀಯ ಕೈ ಹಿಡಿದು, ಗಂಡನದು ಗೌರ್ಮೆಂಟ್ ಕೆಲಸವೇ ಎಂದು ವಿಚಾರಿಸಿದರು. ಹೌದೆಂದಳು. "ಸದ್ಯ. ಏನಾರಾ ಆದ್ರೂ ಅನುಕಂಪದ ಮ್ಯಾಲೆ ನಿಂಗೆ ಕೆಲ್ಸ ಸಿಕ್ತದೆ ಬುಡವ್ವ." ರೂಪಶ್ರೀ ತಲೆಯಾಡಿಸಿದ ನೆಮ್ಮದಿ ನೋಡಿದರೆ, ಈ ಯೋಚನೆ ಅವಳಿಗೆ ಹೊಸದೇನೂ ಅಲ್ಲವೆನಿಸಿತು.

ಎಲೆ ಹಾಕಿದರು. ಎಲ್ಲರಿಗೂ ಒಬ್ಬಟ್ಟು, ಮೇಲೆ ತುಪ್ಪ. ತುಪ್ಪ ಮುಟ್ಟಬಾರದ ಮಾದಪ್ಪನವರು ತಾವು ಗಟ್ಟಿಮುಟ್ಟೆಂದು ತೋರಿಸಲು ಮತ್ತೆ ಮತ್ತೆ ಹಾಕಿಸಿಕೊಂಡರು. ಕುಮಾರಸ್ವಾಮಿಯ ಎಲೆಗೆ ಅವನ ಬ್ರೆಡ್ಡೇ ಬಂತು. ಮುರಿದ. ಕರಕ್ ಎಂದಿತು. ವರ್ಷವಿಡೀ ಕಾದಿದ್ದ ಅದೇ ಸದ್ದು.

"ಅಯ್ಯೋ, ಒಣ್ಗೋಗದೆ," ಎಂದರು ಶಿವರುದ್ರಮ್ಮ. ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಹುಳೀನೂ ಬಂದ್ಬುಟ್ಟದೆ. ಪಾಪ, ಇದ್ನೂ ತಿನ್ಬೇಕಲ್ಲ."

ಅವನ ಕಲೆಗೆ ಸಂದ ಮೊದಲ ವಿಮರ್ಶೆ ಅದು. ರೋಗಿಯ ಪಾತ್ರಧಾರಿಯಾದ್ದರಿಂದ ಇಡೀ ಬ್ರೆಡ್ಡನ್ನು ಅವನೇ ತಿಂದು ಮುಗಿಸಬೇಕಾಯಿತು.

ಸಂಬಂಧ ಕುದುರಿತು. ವಾಪಸು ಬರುವ ದಾರಿಯಲ್ಲಿ ಅವನು, ನನ್ನನ್ನು ರೋಗಿ ಮಾಡಿಬಿಟ್ಟೆಯಲ್ಲ ಎಂದ. "ಬ್ರೆಡ್ಡು ತಂದೋಳು ನಾನಾ?" ಎಂದಳು ಹಿಂದಿನ ಸೀಟಿನಿಂದ. "ಮದುವೆ ಮುಗಿಯೋವರೆಗೆ ಹುಷಾರಾಗ್ಬೇಡಿ."

ಚಾಮರಾಜನಗರದ ಛತ್ರದಲ್ಲಿ ಕುಮಾರಸ್ವಾಮಿ ಮದುವೆಯ ಊಟಕ್ಕೆ ಕೂತಾಗ ಶಿವರುದ್ರಮ್ಮ ತಾವೇ ಬಂದು, ಅವನೆಲೆಗೆ ಬಗ್ಗಿದ್ದ ಒಬ್ಬಟ್ಟು ಬಡಿಸುವವನನ್ನು ಮುಂದೆ ಕಳಿಸಿದರು. ಅವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಬಿಸಿ ಹಾಲಿನ ಲೋಟ.

"ಬೇಕರಿಯಿಂದ ತರ್ಸಿವ್ನಿ ಮೇಷ್ಟ್ರೆ. ಅವತ್ತಿನ ಹುಳೀದಲ್ಲ. ಮೆತ್ಗದೆ, ತಿನ್ನಿ."

ಅದ್ದಿ ಬಾಯಿಗಿಟ್ಟ. ಮೆತ್ತಗಿತ್ತು, ಸಿಹಿಯಾಗಿತ್ತು. ದೇವರಾಣೆಗೂ ಚೆನ್ನಾಗಿತ್ತು.

"ಇನ್ನೊಂದ್ ತುಂಡು ಹಾಕ್ಲಾ?"

ಎದುರು ಸಾಲಿನಲ್ಲಿ ರೂಪಶ್ರೀ ಒಬ್ಬಟ್ಟು ಮುರಿಯುತ್ತ ಅವನನ್ನೇ ನೋಡುತ್ತಿದ್ದಳು. ಕುಮಾರಸ್ವಾಮಿ ತಲೆ ತಗ್ಗಿಸಿ, ಎರಡನೆಯ ತುಂಡಿಗೆ ಕೈಯೊಡ್ಡಿದ.