ಹುಣಸೆಮರದ ತಿರುವು ಮತ್ತು ನಮ್ಮ ದೊಡ್ಡಪ್ಪ

ನಮ್ಮ ದೊಡ್ಡಪ್ಪನಷ್ಟು ತಲೆ ತಗ್ಗಿಸಿ ನಡೆಯುವ ಮನುಷ್ಯ ಇಡೀ ಸಿಂಗಸಂದ್ರದಲ್ಲಿ ಇನ್ನೊಬ್ಬರಿಲ್ಲ. ವಿನಯ ಅಂದುಕೊಂಡಿರಾ? ವಿನಯಕ್ಕೂ ಅವರಿಗೂ ಮಾತುಕತೆ ನಿಂತು ಬಹಳ ವರ್ಷಗಳಾದವು! ಅವರು ನೋಡುವುದು ರಸ್ತೆಯನ್ನು. ಮೂವತ್ತು ವರ್ಷ ರಸ್ತೆ ಗ್ಯಾಂಗಿನ ಮೇಸ್ತ್ರಿಯಾಗಿ ಊರೂರಿಗೆ ಡಾಂಬರು ಹಾಕಿಸಿದವರು. ಮೇಸ್ತ್ರಿಕೆ ಬಿಟ್ಟರೂ ರಸ್ತೆ ಅವರನ್ನು ಬಿಡಲಿಲ್ಲ. ಎದುರಿಗೆ ಬಂದವರ ಮುಖ ನೋಡುವ ಪದ್ಧತಿಯೇ ಇಲ್ಲ, ಚಪ್ಪಲಿ ನೋಡಿ ಗುರುತು ಹಿಡಿಯುತ್ತಾರೆ. ಒಮ್ಮೆ ನಾನು ಹೊಸ ಬೂಟು ಹಾಕಿಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದವರು ಬೂಟನ್ನೇ ನೋಡುತ್ತಾ, "ಯಾರು ಬೇಕಾಗಿತ್ತು ಸಾರ್?" ಅಂದರು. ಸ್ವಂತ ತಮ್ಮನ ಮಗನಿಗೆ!

ಇಂಥ ಪಂಡಿತರ ಮನೆ ಮುಂದಿನ ರಸ್ತೆ ಹೇಗಿರಬೇಡ? ದೀಪದ ಬುಡದಲ್ಲೇ ಕತ್ತಲು. ಅವರ ಮನೆ ಇರುವುದು ಹುಣಸೆಮರದ ತಿರುವಿನಲ್ಲಿ. ಮರ ಹೋಗಿ ಆ ಜಾಗಕ್ಕೆ ಬೇಕರಿ ಬಂದು ಎಷ್ಟೋ ಕಾಲವಾಯಿತು, ಆದರೆ ನಮ್ಮ ಕಡೆ ಮರ ಕಡಿದಷ್ಟು ಸುಲಭವಾಗಿ ಹೆಸರು ಕಡಿಯಲು ಬರುವುದಿಲ್ಲ. ಆ ತಿರುವಿನ ಅಡಿಯಲ್ಲಿರುವುದು ಹಳೇ ಕೆರೆಯಂಗಳದ ಜೇಡಿಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ಡಾಂಬರು ಹಪ್ಪಳದಂತೆ ಎದ್ದು ಬರುತ್ತದೆ. ದೊಡ್ಡಪ್ಪ ಮೇಸ್ತ್ರಿಯಾಗಿದ್ದಾಗಲೇ ಅಲ್ಲಿಗೆ ನಾಲ್ಕು ಸಲ ಡಾಂಬರು ಹಾಕಿಸಿದ್ದರು. ನಾಲ್ಕು ಸಲವೂ ಒಂದೇ ಮಳೆಗಾಲಕ್ಕೆ ಎದ್ದುಹೋಗಿತ್ತು. ಮೊದಲು ಮಣ್ಣು ತೆಗೆಸಿ ಎಂದು ಇವರು ಬೇಡಿಕೊಳ್ಳುವುದು, ಟೈಮಿಲ್ಲ, ಹಾಕಯ್ಯ ಎಂದು ಮೇಲಿನವರು ಗದರುವುದು. ಈ ಒಳಗುಟ್ಟು ಊರಿನವರಿಗೇನು ಗೊತ್ತು? "ಮೇಸ್ತ್ರಿ ಮನೆ ಮುಂದೇನೇ ಗುಂಡಿ" ಎನ್ನುವುದು ಗಾದೆಯೇ ಆಗಿಹೋಯಿತು. ಹಾಗಾಗಿ ದೊಡ್ಡಪ್ಪನಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ. ಕಾಶಿಯಲ್ಲ, ತಿರುಪತಿಯಲ್ಲ. ಆ ತಿರುವಿನ ಡಾಂಬರು ಒಂದೇ ಒಂದು ಮಳೆಗಾಲ ದಾಟಬೇಕು!

ಅವರ ರಸ್ತೆ ಹುಚ್ಚಿನ ಬಿಸಿ ನನಗೆ ಮೊದಲು ತಟ್ಟಿದ್ದು ನನ್ನ ಹೆಣ್ಣು ನೋಡುವ ಶಾಸ್ತ್ರದಲ್ಲಿ. ಬೆಳ್ಳಂದೂರಿನಲ್ಲಿ ಹುಡುಗಿಯ ಮನೆ. ಕೇಸರಿಬಾತು ಬಂತು, ಕಾಫಿ ಬಂತು, ಹುಡುಗಿ ಬಂದಳು, ಆದರೆ ಹಿರಿಯರೆಂದು ಕರೆದುಕೊಂಡು ಹೋಗಿದ್ದ ದೊಡ್ಡಪ್ಪ ಮಾಯ! ಹುಡುಕಿದರೆ, ಅಡುಗೆಮನೆಯಿಂದ ಒಂದು ಚೊಂಬು ನೀರು ಕೇಳಿ ಇಸಿದುಕೊಂಡು ಹೋಗಿ, ಅದನ್ನು ನಡುರಸ್ತೆಗೆ ಸುರಿದು, ನೀರು ಯಾವ ಕಡೆ ಹರಿಯುತ್ತದೆ ಎಂದು ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದಾರೆ. ನನ್ನ ಮಾವನಾಗಬೇಕಾದವರು ಪಾಪ, ಬಾಗಿಲಲ್ಲಿ ಕೈ ಕಟ್ಟಿಕೊಂಡು ತೀರ್ಪಿಗೆ ಕಾಯುತ್ತಿದ್ದರು.

"ಉಡ್ಗಿ ಬಂಗಾರದಂತವ್ಳೆ. ಆದ್ರೆ ರಸ್ತೇಗೆ ಇಳಿಜಾರೇ ಇಲ್ಲ ಸ್ವಾಮಿ, ನೀರು ನಿಂತ್ಕತದೆ. ಒಸಿ ಯೋಚ್ನೆ ಮಾಡ್ಬೇಕು" ಅಂದರು ದೊಡ್ಡಪ್ಪ.

"ಹುಡುಗಿ ಮುಖ ನೋಡಿದ್ರಾ?" ಎಂದು ಅಮ್ಮ ಸಿಟ್ಟಿನಿಂದ ಕೇಳಿದಳು.

"ಕಾಲು ನೋಡ್ದೆ. ಸಾಕಲ್ವಾ?"

ಮದುವೆಯೇನೋ ಆಯಿತು. ಆದರೆ ಇವತ್ತಿಗೂ ಬೆಳ್ಳಂದೂರಿನ ಆ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತರೆ ನನ್ನ ಹೆಂಡತಿ ಮಳೆಯನ್ನು ಬೈಯುವುದಿಲ್ಲ. "ನಿಮ್ಮ ದೊಡ್ಡಪ್ಪನ ಕಣ್ಣು ಬಿತ್ತು ಕಣ್ರೀ" ಎಂದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಾಳೆ.

ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದಾಗ ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ದೊಡ್ಡಪ್ಪ ಮಾತ್ರ ಕೊನೆಗೂ ಒಂದು ಸಲ ತಲೆಯೆತ್ತಿ ನೋಡಿ, "ಮಣ್ಣಿಗೆ ಎದುರ್ಕೊಂಡು ಕಂಬ ಅತ್ತಿದ ರಸ್ತೆ" ಎಂದು ಮತ್ತೆ ತಲೆ ತಗ್ಗಿಸಿದರು. ಅಷ್ಟೇ. ಅಷ್ಟು ದೊಡ್ಡ ಸೇತುವೆಗೆ ಸಿಕ್ಕಿದ ಮರ್ಯಾದೆ ಅಷ್ಟೇ!

ಅದಾದ ಮೇಲಿನ ಒಂದು ಯುಗಾದಿಯ ಹೊತ್ತಿಗೆ ಹುಣಸೆಮರದ ತಿರುವಿಗೆ ಮತ್ತೆ ಡಾಂಬರು ಹಾಕಲು ಬಂದರು. ಹೊಸ ಹೆಲ್ಮೆಟ್ಟಿನ ಹುಡುಗ ಎಂಜಿನಿಯರ್. ದೊಡ್ಡಪ್ಪ ಹೋಗಿ ಅವನ ಬೂಟಿನ ಮುಂದೆ ನಿಂತರು.

"ಸಾರ್, ಅಡೀಲಿ ಜೇಡಿಮಣ್ಣದೆ. ಅದು ಉಸಿರಾಡೋ ಮಣ್ಣು. ಅದ್ರ ಮ್ಯಾಲೆ ಟಾರ್ ಬಿಗಿಯೋದೂ ಒಂದೇ, ಬಸ್ರಿ ಎಂಗ್ಸಿಗೆ ಬಿಗಿ ರವಿಕೆ ಒಲ್ಸೋದೂ ಒಂದೇ. ಮೊದ್ಲು ಮಣ್ಣು ತೆಗ್ಸಿ."

"ಅಂಕಲ್, ಎಲ್ಲಾ ಸ್ಪೆಸಿಫಿಕೇಶನ್ ಪ್ರಕಾರಾನೇ ಮಾಡ್ತಿದೀವಿ."

"ಮಣ್ಣಿಗೆ ನಿಮ್ ಸ್ಪೆಸಿಫಿಕೇಸನ್ ಓದಕ್ ಬತ್ತದಾ?"

ಹುಡುಗ ಫೋನ್ ಬಂದವನಂತೆ ಆ ಕಡೆ ಹೋದ. ಜಲ್ಲಿ ಹರಡುತ್ತಿದ್ದ ರಾಯಚೂರು ಕಡೆಯ ಹೆಂಗಸೊಬ್ಬಳು ನಕ್ಕು, "ನಮಗೂ ತಿಳೀತೈತ್ರಿ ಯಜಮಾನ್ರ. ಆದ್ರ ಹಾಕಂದಲ್ಲಿ ಹಾಕೂದು ನಮ್ಮ ಕೆಲಸ ಐತ್ರಿ" ಅಂದಳು. ಮೂವತ್ತು ವರ್ಷ ತಾವೂ ಅದನ್ನೇ ಮಾಡಿದವರಲ್ಲವೇ, ದೊಡ್ಡಪ್ಪ ತಿರುಗಿ ಮನೆಗೆ ಬಂದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಂಗಾರಿಗೂ ಮೊದಲಿನ ಎರಡೇ ಎರಡು ಮಳೆಗೆ ತಿರುವಿನ ನಡುವೆ ಗುಂಡಿ ಬಿತ್ತು. ಈ ಸಲ ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ. ಹಾರೆ, ಗುದ್ದಲಿ, ಉಳಿ ಹಿಡಿದು ತಾವೇ ಇಳಿದರು. ದುಂಡಗಿದ್ದ ಗುಂಡಿಯನ್ನು ಮೊದಲು ಚೌಕ ಮಾಡಿದರು. "ಗುಂಡಿಗೆ ಮೂಲೆ ಇರ್ಬೇಕು ಕಣ್ಲಾ, ಇಲ್ದಿದ್ರೆ ಟಾರು ಇಡ್ಕಳಲ್ಲ" ಎಂದು ನನಗೆ ಪಾಠ ಬೇರೆ. ಆಮೇಲೆ ಜೇಡಿಯನ್ನೆಲ್ಲ ಸೊಂಟದುದ್ದ ತೆಗೆದು, ಕಲ್ಲು ತುಂಬಿ, ಮೊರಂ ಮಣ್ಣು ಹಾಕಿ ಬಡಿದರು. ಒಂದು ಮಂಚದಷ್ಟು ಜಾಗಕ್ಕೆ ಎಂಟು ದಿನ! ಪಕ್ಕದ ಬೀದಿಯಲ್ಲಿ ಕೆಲಸಕ್ಕಿದ್ದ ಆ ರಾಯಚೂರಿನ ಹೆಂಗಸೇ ಉಳಿದ ಜಲ್ಲಿಯನ್ನೂ ಡಾಂಬರಿನ ಗಟ್ಟಿಯನ್ನೂ ತಂದು ಕೊಟ್ಟಳು. ಅದನ್ನು ಕಾಯಿಸಲು ಪಾತ್ರೆ ಬೇಕಲ್ಲ? ದೊಡ್ಡಮ್ಮ ಹಬ್ಬಕ್ಕೆ ಒಬ್ಬಟ್ಟಿನ ಬೇಳೆ ಬೇಯಿಸುವ ದೊಡ್ಡ ಪಾತ್ರೆಯೇ ಅವರ ಕಣ್ಣಿಗೆ ಬೀಳಬೇಕೇ!

ದೊಡ್ಡಮ್ಮ ಬೀದಿಗೆ ಬಂದು ನಿಂತು, "ನಿಮ್ಮನ್ನ ಕಟ್ಕಳೋ ಬದ್ಲು ಈ ರಸ್ತೇನಾರ ಕಟ್ಕಂಡಿದ್ರೆ ದಿನಾ ನಾಲ್ಕ್ ಜನದ ಮುಖಾನಾರಾ ನೋಡ್ತಿದ್ದೆ" ಅಂದರು. ದೊಡ್ಡಪ್ಪ ಪಾತ್ರೆ ಕಲಕುತ್ತಲೇ ಇದ್ದರು. ಆಮೇಲೆ ಆ ವರ್ಷದ ಯಾವ ಹಬ್ಬಕ್ಕೂ ಅವರ ಮನೆಯಲ್ಲಿ ಒಬ್ಬಟ್ಟಾಗಲಿಲ್ಲ.

ನಿಜವಾದ ತಮಾಷೆ ಶುರುವಾದದ್ದು ಇಲ್ಲಿಂದ. ಡಾಂಬರು ಕೂರಬೇಕಾದರೆ ಮೇಲೆ ಭಾರ ಉರುಳಬೇಕು. ರೋಡ್ ರೋಲರ್ ಎಲ್ಲಿಂದ ತರುವುದು? ದೊಡ್ಡಪ್ಪ ಕೆಂಪು ಟವೆಲ್ ಹಿಡಿದುಕೊಂಡು ತಿರುವಿನಲ್ಲಿ ನಿಂತೇಬಿಟ್ಟರು. ಲೋಕವೆಲ್ಲ ಗುಂಡಿ ತಪ್ಪಿಸಿಕೊಂಡು ಹೋಗುವುದನ್ನು ಕಲಿತಿರುವಾಗ ಇವರು, "ಅಣ್ಣಾ, ಒಸಿ ಎಡಕ್ಕೆ! ಇದ್ರ ಮ್ಯಾಲೇ ಓಗಪ್ಪಾ, ತುಳೀಲಿ, ತುಳೀಲಿ!" ಎಂದು ಬಂದ ಬಂದ ಗಾಡಿಗಳನ್ನೆಲ್ಲ ಅದರ ಮೇಲೆ ಹತ್ತಿಸಲು ನೋಡುತ್ತಿದ್ದರು. ಕೊರಳಿಗೆ ಕಂಪನಿಯ ಐಡಿ ಕಾರ್ಡು ನೇತುಹಾಕಿಕೊಂಡಿದ್ದ ಒಬ್ಬ ಬೈಕು ನಿಲ್ಲಿಸಿ, "ಏನ್ ಪ್ರಾಬ್ಲಂ ಅಂಕಲ್?" ಎಂದ. "ಪ್ರಾಬ್ಲಮ್ಮೇನಿಲ್ಲ ಸಾರ್, ನಿಮ್ ತೂಕ ಬೇಕಾಗಿತ್ತು!" ಅವನು ಬಂದ ದಾರಿಯಲ್ಲೇ ವಾಪಸ್ಸು ಹೋದ. ದಪ್ಪಗಿದ್ದ ಪೊಲೀಸಪ್ಪ ಬಂದಾಗ, "ನೀವ್ ಎಲ್ಡು ಸಲ ಓಗಿ ಸಾರ್" ಅಂದರಂತೆ. ಲಾಠಿ ಬೀಳದಿದ್ದದ್ದು ಪೂರ್ವಜನ್ಮದ ಪುಣ್ಯ.

ಮೂರನೆಯ ದಿನ ನಾನೂ ಆ ದಾರಿಯಲ್ಲೇ ಬಂದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸ. ಆವತ್ತು ಸ್ಕೂಟರಿನ ಹಿಂದೆ ಜೊತೆಯ ನೌಕರನೊಬ್ಬ ಕೂತಿದ್ದ. ಮೈತುಂಬ ಡಾಂಬರು ಮೆತ್ತಿಕೊಂಡು, ಎಂದಿನಂತೆ ನೆಲ ನೋಡುತ್ತಾ ಟವೆಲ್ ಬೀಸುತ್ತಿದ್ದ ದೊಡ್ಡಪ್ಪ, "ಅಣ್ಣಾ, ಎಡಕ್ಕೆ!" ಅಂದರು.

"ಯಾರೋ ಅದು?" ಎಂದು ಕೇಳಿದ ಹಿಂದಿದ್ದವನು.

"ಯಾವನೋ ತಲೆ ಕೆಟ್ಟೋನು, ಬಿಡು ಮಗಾ" ಎಂದು ನಾನು ಬಲಕ್ಕೆ ತಿರುಗಿಸಿಕೊಂಡು ಹೋದೆ.

ಮುಖ ನೋಡುವವರಲ್ಲವಲ್ಲ, ಗೊತ್ತಾಗಿರಲಿಕ್ಕಿಲ್ಲ ಎಂಬ ಧೈರ್ಯ ನನಗೆ. ಸಂಜೆ ಅವರ ಮನೆಗೆ ಹೋದೆ. ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಕೂತಿದ್ದರು. "ನಿನ್ ಗಾಡಿ ಇಂದ್ಲ ಟೈರು ಬೋಳಾಗದೆ ಕಣ್ಲಾ. ಮಳೆ ಇಡ್ಕಳಕ್ ಮುಂಚೆ ಬದ್ಲಾಯ್ಸ್ಕೋ" ಅಂದರು. ಟೈರು ಕಂಡಿದ್ದವರಿಗೆ ನನ್ನ ಮಾತೂ ಕೇಳಿಸಿತ್ತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಟೈರನ್ನೂ ಬದಲಾಯಿಸಲಿಲ್ಲ.

ಆಷಾಢದಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿಸಿದೆವು. ಬಲಗೈ ಎತ್ತಿ ಎಂದ ಡಾಕ್ಟರಿಗೆ, "ನೀವ್ ಯಾವ್ ರೋಡ್ನಾಗೆ ಬಂದ್ರಿ?" ಎಂದು ಕೇಳಿದರಂತೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ನೋಡಲು ಬಂದವರಿಗೆಲ್ಲ ಒಂದೇ ಪ್ರಶ್ನೆ, "ತಿರುವು ಎಂಗದೆ?" ಬಂದವರೆಲ್ಲ ಸಕ್ಕತ್ತಾಗಿದೆ ಎಂದು ಸುಳ್ಳು ಹೇಳಿ ಕಿತ್ತಳೆಹಣ್ಣು ಇಟ್ಟು ಹೋಗುತ್ತಿದ್ದರು. ದೊಡ್ಡಪ್ಪ ಒಬ್ಬರನ್ನೂ ನಂಬಲಿಲ್ಲ.

ಗೌರಿ ಹಬ್ಬ ಮುಗಿದ ಮೇಲೆ ಒಂದು ಬೆಳಗ್ಗೆ ನಾನು ತಿರುವನ್ನು ನೋಡಿಕೊಂಡೇ ಆಸ್ಪತ್ರೆಗೆ ಹೋದೆ.

"ಹೇಳ್ಲಾ ದೊಡ್ಡಪ್ಪ? ಯುಗಾದೀಲಿ ಹಾಕಿದ ಡಾಂಬರು ಪೂರ್ತಿ ಎದ್ದುಹೋಗಿದೆ. ಬರೀ ಕೆಸರು. ನಡುವೆ ನಿಮ್ಮ ಚೌಕ ಮಾತ್ರ ಹಾಗೇ ಇದೆ, ಒಂದು ಬಿರುಕೂ ಇಲ್ಲ. ಗಾಡಿಗಳೆಲ್ಲ ಸಾಲಾಗಿ ನಿಂತು ಅದರ ಮೇಲೇ ಹೋಗ್ತಿವೆ. ಯಾರೂ ಟವೆಲ್ ಬೀಸ್ತಿಲ್ಲ, ಆದ್ರೂ ಹೋಗ್ತಿವೆ."

ಅವರು ತೊದಲುತ್ತಾ, "ರಸ್ತೆಗಿಂತ ಎಷ್ಟು ಎತ್ರ ನಿಂತದೆ?" ಅಂದರು.

"ಅರ್ಧ ಅಡಿ ಇರಬಹುದು."

"ಅಂಗಾರೆ ಅದು ರಸ್ತೆ ಅಲ್ಲ ಕಣ್ಲಾ, ಜಗ್ಲಿ. ಪೂರ್ತಿ ತಿರುವೇ ಅಗೀಬೇಕಾಗಿತ್ತು."

ಇಂಥವರನ್ನು ಏನು ಮಾಡುವುದು ಹೇಳಿ! ನಕ್ಕುಬಿಟ್ಟೆ. ನಗುತ್ತಲೇ ನೋಡಿದರೆ, ದೊಡ್ಡಪ್ಪ ನನ್ನನ್ನೇ ದಿಟ್ಟಿಸುತ್ತಿದ್ದಾರೆ. ಅಂಗಾತ ಮಲಗಿದ ಮನುಷ್ಯನಿಗೆ ನೋಡಲು ರಸ್ತೆಯೆಲ್ಲಿ? ಕಣ್ಣೆದುರಿಗೆ ಇದ್ದದ್ದು ನನ್ನ ಮುಖವೊಂದೇ.

"ನಿನ್ ತಲೆ ಯಾವಾಗ್ಲಾ ಬೆಳ್ಗಾಗಿದ್ದು?" ಎಂದು ಕೇಳಿದರು. "ಯಾರೂ ನಂಗೆ ಏಳ್ಲೇ ಇಲ್ವಲ್ಲೋ."

ಇಷ್ಟು ವರ್ಷ ಅವರನ್ನು ಆಡಿಕೊಂಡು ಜನರನ್ನು ನಗಿಸಿದ ಬಾಯಿ ನನ್ನದು. "ದೊಡ್ಡಪ್ಪ, ಅವತ್ತು ನಾನು ಬಲಕ್ಕೆ ತಿರುಗಿಸ್ಕೊಂಡು ಹೋಗ್ಬಿಟ್ಟೆ" ಅಂದೆ. ಆಡಿದ ಮಾತನ್ನು ಮಾತ್ರ ಹೇಳಲಾಗಲಿಲ್ಲ.

"ಗೊತ್ತು ಬಿಡ್ಲಾ, ಕೇಳುಸ್ತು. ಇವತ್ತು ಎಂಗ್ ಬಂದೆ?"

"ಅದರ ಮೇಲೇ ಬಂದೆ."

ಅವರ ಎಡಗೈ ತಡವರಿಸಿಕೊಂಡು ಬಂದು ನನ್ನ ಕೈ ಹಿಡಿಯಿತು. ಉಗುರಿನ ಸಂದಿಯಲ್ಲಿ ಡಾಂಬರು ಇನ್ನೂ ಕಪ್ಪಗೆ ಉಳಿದಿತ್ತು.

"ಟೈರು ಬದ್ಲಾಯ್ಸ್ದಾ?"

ಬದಲಾಯಿಸಿದೆ ಅಂದೆ. ಆಸ್ಪತ್ರೆಯ ಮೆಟ್ಟಿಲಿಳಿದು ಅಲ್ಲಿಂದ ನೇರವಾಗಿ ಟೈರಿನ ಅಂಗಡಿಗೆ ಹೋದೆ.