ಜರ್ಮನ್ ರೈಲಿನ ಡಬ್ಬಿಗಳೂ ಮದ್ದೂರಿನ ಗಾಡಿಗಳೂ

ಅಥವಾ ಎತ್ತಿನ ಗಾಡಿಗಳು ನಾಲ್ಕೇ ಇದ್ದಿರಬಹುದು. ಐದು ಎಂದು ನಾನು ಹೇಳಿಕೊಂಡು ಬಂದಿದ್ದೇನೆ; ಒಂದೇ ಕಥೆಯನ್ನು ಹತ್ತು ಸಲ ಹೇಳಿದರೆ ಅದರಲ್ಲಿ ಒಂದು ಗಾಡಿ ತಾನಾಗಿ ಹುಟ್ಟಿಕೊಳ್ಳುವುದು ಅಸಾಧ್ಯವೇನಲ್ಲ. ಅವ್ವನನ್ನು ಕೇಳಿದರೆ ಆ ದಿನ ಧೂಳೇ ಇರಲಿಲ್ಲ, ಹಿಂದಿನ ದಿನ ಹನಿ ಬಿದ್ದಿತ್ತು ಎನ್ನುತ್ತಾಳೆ. ಧೂಳಿಲ್ಲದಿದ್ದರೆ ನಾನು ಬರೆಯುವುದಕ್ಕೆ ಏನೂ ಇಲ್ಲ. ಆದ್ದರಿಂದ ನನ್ನ ಸ್ವಾರ್ಥಕ್ಕೆ ಧೂಳಿತ್ತು ಎಂದೇ ಇಟ್ಟುಕೊಳ್ಳುತ್ತೇನೆ. ತಂಗಿಯ ಮದುವೆಗಾಗಿ ಮದ್ದೂರಿನ ನಮ್ಮ ಮನೆಯಿಂದ ಬೆಳಕವಾಡಿಯ ಗಂಡಿನ ಮನೆಗೆ ಹೊರಟ ದಿಬ್ಬಣ ಅದು. ಯಾವ ಗಾಡಿ ಮುಂದೆ, ಯಾವುದು ಹಿಂದೆ ಎಂದು ಗೊತ್ತುಮಾಡಿದವನು ನಾನು. ನನಗೆ ಆ ವಿದ್ಯೆ ಬಂದದ್ದು ಜರ್ಮನಿಯ ರೈಲಿನಿಂದ.

ಆಗ ನಾನು ಮಂಡ್ಯದಲ್ಲಿ ಒಂದು ಕಾರ್ಖಾನೆಯ ಉಗ್ರಾಣದ ಗುಮಾಸ್ತ. ಜರ್ಮನಿಯಿಂದ ಯಂತ್ರದ ಭಾಗಗಳು ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಂದೊಂದಕ್ಕೂ ರದ್ದಿ ಕಾಗದ ಸುತ್ತಿರುತ್ತಿತ್ತು. ಮಿಕ್ಕವರು ಆ ಕಾಗದದಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೋದರೆ ನಾನು ಸುಕ್ಕು ಬಿಡಿಸಿ ಓದಲು ಕೂರುತ್ತಿದ್ದೆ. ಓದಲು ಎಂದರೆ ನೋಡಲು. ಜರ್ಮನ್ ಭಾಷೆ ನನಗೆ ಬರದು. ಒಂದು ಸಲ ಸಿಕ್ಕ ಹಾಳೆಗಳಲ್ಲಿ ಸಾಲುಸಾಲು ಚೌಕಗಳು, ಚೌಕದೊಳಗೆ ಒಂದೆರಡು ಅಕ್ಷರ, ಕೆಳಗೆ ಎರಡೆರಡು ಊರಿನ ಹೆಸರು. ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಫಿಟ್ಟರಿಗೆ ತೋರಿಸಿದೆ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿದರೆ ಒಬ್ಬನಿಗೆ ಸಾಲುವಷ್ಟಾಗುತ್ತಿತ್ತು. ಪ್ಯಾಸೆಂಜರ್ ರೈಲಿನಲ್ಲಿ ಯಾವ ಡಬ್ಬಿಯ ಹಿಂದೆ ಯಾವ ಡಬ್ಬಿ ಕಟ್ಟಬೇಕೆಂಬ ಪಟ್ಟಿ ಇದು, ಬಹಳ ಹಳೆಯದು, ಈಗ ಹೀಗೆ ಓಡುವುದಿಲ್ಲ ಎಂದ. ಎ, ಬಿ, ಸಿ ಎಂದರೆ ಒಂದು, ಎರಡು, ಮೂರನೆಯ ದರ್ಜೆ ಎಂದ. ಮುಂದಿನ ಪ್ರಶ್ನೆಗೆ ನಕ್ಕು ಊಟಕ್ಕೆ ಹೊರಟುಹೋದ.

ನನಗೆ ಊಟ ಸೇರಲಿಲ್ಲ. ಮಂಡ್ಯದ ಸ್ಟೇಷನ್ನಿನಲ್ಲಿ ರೈಲು ಬಂದರೆ ನಾವು ಮೊದಲು ಓಡುತ್ತೇವೆ, ಎತ್ತ ಓಡಬೇಕೆಂದು ಆಮೇಲೆ ಯೋಚಿಸುತ್ತೇವೆ. ಜರ್ಮನಿಯಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಮೇಜಿನ ಮುಂದೆ ಕೂತು ಪ್ರತಿಯೊಂದು ಡಬ್ಬಿಯ ಜಾಗವನ್ನೂ ಮೊದಲೇ ಬರೆದಿಟ್ಟಿದ್ದ. ಹೇಗೆ ಯೋಚಿಸಿರಬಹುದು? ಬರ್ಲಿನ್ನಿನಿಂದ ಮ್ಯೂನಿಕ್ಕಿಗೆ ಹೋಗುವ ಒಂದು ಸಾಲಿನಲ್ಲಿ ಒಂದೇ ಒಂದು ಡಬ್ಬಿಯ ಕೆಳಗೆ ಬೇರೆ ಊರಿನ ಹೆಸರಿತ್ತು. ಹದಿನೈದು ದಿನ ಅದರ ಹಿಂದೆ ಬಿದ್ದೆ. ಕೊನೆಗೆ ಕ್ಷೌರಿಕನ ಮುಂದೆ ಅರ್ಧ ಗಡ್ಡದಲ್ಲಿ ಕೂತಿರುವಾಗ ಹೊಳೆಯಿತು: ಆ ಡಬ್ಬಿಯನ್ನು ನಡುದಾರಿಯಲ್ಲಿ ಬಿಚ್ಚಿ ಇನ್ನೊಂದು ರೈಲಿಗೆ ಕಟ್ಟುತ್ತಾರೆ! ಪ್ರಯಾಣಿಕ ಕೂತ ಕಡೆಯೇ ಕೂತಿರುತ್ತಾನೆ, ರೈಲು ಬದಲಾಗುತ್ತದೆ. ಹಾಗೆ ಬಿಚ್ಚುವ ಡಬ್ಬಿ ಕೊನೆಯಲ್ಲಿರಬೇಕು. ನಡುವೆ ಇದ್ದರೆ ಇಡೀ ರೈಲನ್ನೇ ಮುರಿಯಬೇಕಾಗುತ್ತದೆ. ಮೊದಲನೆಯ ದರ್ಜೆ ಎಂಜಿನ್ನಿನಿಂದ ದೂರ ಇದ್ದಂತೆ ಕಂಡಿತು. ಹೊಗೆ ತಪ್ಪಿಸಲು ಇರಬೇಕು ಎಂದುಕೊಂಡೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ಹಾಳೆಯಲ್ಲಿ ಎಂಜಿನ್ನನ್ನೇ ಬರೆದಿರಲಿಲ್ಲವಾದ್ದರಿಂದ ಅದು ಎಡಗಡೆ ಇದೆ ಎಂದು ನಾನೇ ತೀರ್ಮಾನಿಸಿದ್ದೆ.

ಹೀಗೆ ಜ್ಞಾನಿಯಾಗಿದ್ದ ಹೊತ್ತಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಬೇರೆ ಯಾರಿಗೂ ಆ ಹಕ್ಕಿಲ್ಲ. ಅವ್ವನ ಅಣ್ಣ, ನಮ್ಮ ಒಬ್ಬನೇ ಮಾವ, ಮೂರು ವರ್ಷದಿಂದ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಅವರ ಹೊಸ ಹೋರಿಯನ್ನು ನೋಡಿ ಅಪ್ಪ ನಕ್ಕರು ಎಂಬುದು ಕಾರಣ. ಅಂಥವರು ಈಗ ಬರುತ್ತೇನೆಂದು ಹೇಳಿಕಳಿಸಿದ್ದರು. ತವರಿನಲ್ಲಿದ್ದ ಅತ್ತೆಯನ್ನು ಕರೆದುಕೊಂಡು ಬರಲು ಅವರು ಮಳವಳ್ಳಿಯಲ್ಲಿ ದಿಬ್ಬಣ ಬಿಟ್ಟು ಆ ತವರಿನ ಕೇರಿಗೆ ತಿರುಗಬೇಕಿತ್ತು. ನಡುದಾರಿಯಲ್ಲಿ ಬಿಚ್ಚಬೇಕಾದ ಡಬ್ಬಿ! ಮೇಲಾಗಿ ಮೊದಲನೆಯ ದರ್ಜೆಯ ಮನುಷ್ಯ! ಎರಡು ಸೂತ್ರಗಳೂ ಕಡೇ ಗಾಡಿಯನ್ನೇ ತೋರಿಸಿದವು. ಅದಕ್ಕೆ ಹೊಸ ಜಮಖಾನ ಹಾಸಿಸಿದೆ.

ಅವ್ವ ನೋಡಿ ಎದೆ ಹಿಡಿದುಕೊಂಡಳು. “ಲೋ, ನಮ್ಮಣ್ಣನ್ನ ಕಡೇ ಗಾಡೀಲ್ ಕೂರ್ಸೀಯಾ? ಮುನುಸ್ಕಂಡು ಇಂದಕ್ಕೋದ್ರೆ ಎಣ್ಣ ಯಾರ್ಲಾ ಎತ್ಕಳೋರು? ನಿನ್ನ ಕಾಗ್ದ ಎತ್ಕಂಡದಾ?”

ಮಾವ ಬಂದು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. “ಏನ್ಲಾ, ಪಾತ್ರೆಪಡಗ ಮುಂದ್ಕೆ, ನಾನು ಇಂದ್ಕಾ?”

“ಅದೇ ದೊಡ್ಡ ದರ್ಜೆ ಮಾವ. ಹೊಗೆ ಬರಲ್ಲ.”

ನನ್ನ ಗಾಡಿ ಹೊಡೆಯುವ ಸಿದ್ದ ಮೂಗುದಾರ ಸರಿಮಾಡುತ್ತಿದ್ದವನು ತಲೆಯೆತ್ತಿದ. “ಒಗೆ ಎಲ್ಲಿಂದ ಬಂದಾತು ಗುಮಾಸ್ತ್ರೆ? ಎತ್ತು ಬೀಡಿ ಸೇದ್ತವಾ?”

ಎತ್ತುಗಳು ಬೀಡಿ ಸೇದುವುದಿಲ್ಲ; ಧೂಳೆಬ್ಬಿಸುತ್ತವೆ. ಮುಂದಿನ ಗಾಡಿಗಳೆಲ್ಲ ಎಬ್ಬಿಸಿದ್ದು ಹೋಗಿ ಸೇರುವುದು ಕಡೇ ಗಾಡಿಗೆ. ಮಳವಳ್ಳಿಯ ಹೊತ್ತಿಗೆ ನಾನು ತಿರುಗಿ ನೋಡಿದರೆ ಮಾವನ ಮೀಸೆ, ಹುಬ್ಬು, ರುಮಾಲು ಎಲ್ಲ ಒಂದೇ ಬಣ್ಣ. ಅವರು ಕೇರಿಯ ಕಡೆ ಗಾಡಿ ತಿರುಗಿಸಿಕೊಂಡು ಹೋದರು. “ನೋಡು ಸಿದ್ದ,” ಎಂದೆ, ಧೈರ್ಯಕ್ಕೆ, “ಕೊನೆಯಲ್ಲಿದ್ದದ್ದಕ್ಕೆ ಎಷ್ಟು ಸಲೀಸಾಗಿ ಬಿಚ್ಚಿಕೊಂಡಿತು.”

“ನಡುಮಧ್ಯ ಇದ್ರೂ ಅಗ್ಗ ಎಳುದ್ರೆ ತಿರುಕ್ಕತಿತ್ತು,” ಎಂದ ಸಿದ್ದ. “ಇವುಕ್ಕೇನು ಒಂದುಕ್ಕೊಂದು ಸರಪಣಿ ಬಿಗ್ದಿದ್ದಾ?”

ಹದಿನೈದು ದಿನದ ನನ್ನ ತಪಸ್ಸಿನಲ್ಲಿ ಈ ಅಂಶ ಬಂದಿರಲಿಲ್ಲ.

ಸಂಜೆ ಬೆಳಕವಾಡಿ ಸೇರಿದೆವು. ಮಾವ ಬರಲಿಲ್ಲ. ಬೆಳಗಾಯಿತು, ತಂಗಿಗೆ ಅರಿಶಿನದ ನೀರು ಹಾಕಿಯಾಯಿತು, ಗಂಡಿನ ಕಡೆಯ ಮುದುಕರೊಬ್ಬರು “ಎಣ್ಣಿನ್ ಮಾವ ಎಲ್ಲಿ?” ಎಂದು ಮೂರನೆಯ ಸಲ ಕೇಳಿದರು. ಅಪ್ಪ ತಮ್ಮ ಕಾಲಿನ ಜೋಡು ನೋಡುತ್ತ ನಿಂತಿದ್ದರು. ಆಗ ಬಂದಿತು ಮಾವನ ಗಾಡಿ, ಒಳಗೆ ಅತ್ತೆಯೂ ಇದ್ದರು. ಮಾವ ಇಳಿದು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ತಂಗಿಯನ್ನು ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸಿದರು. ಆಮೇಲೆ ನೇರ ಅಪ್ಪನ ಹತ್ತಿರ ಬಂದರು.

“ಭಾವ, ಇಷ್ಟ್ ದಿನ ನಿನ್ ಕಂಡ್ರೆ ಆಯ್ತಿರ್ನಿಲ್ಲ. ಈಗ ನಿನ್ ಮಗನ್ ಕಂಡ್ ಮ್ಯಾಕೆ, ನೀನೇ ವಾಸಿ ಕಣಪ್ಪ!”

ಅಪ್ಪ ನಕ್ಕರು. ಈ ಸಲ ಮಾವನೂ ನಕ್ಕರು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ನಾನು ಅವರಿಗೆ ಬಡಿಸಿದೆ, ಅವರು ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದರು.

ಅವರಿಬ್ಬರನ್ನು ಒಂದು ಮಾಡಿದ್ದು ನನ್ನ ಯೋಜನೆಯೇ ಎಂದು ಹೇಳಿಕೊಳ್ಳಲು ನನಗೆ ಆಸೆ. ಆದರೆ ಮಳವಳ್ಳಿಯಿಂದ ಮಾವ ನೇರ ತಮ್ಮೂರಿಗೆ ತಿರುಗಬಹುದಿತ್ತು. ಅವರ ಸಿಟ್ಟಿಗೆ ಅದೇ ನ್ಯಾಯವಾಗಿತ್ತು. ತಿರುಗಲಿಲ್ಲ. ಅತ್ತೆ ಗದರಿದರೋ, ನನ್ನ ತಂಗಿಯ ಮೇಲಿನ ಮಮತೆಯೋ, ನನ್ನನ್ನು ಬಯ್ಯುವ ಅವಕಾಶ ಕಳೆದುಕೊಳ್ಳಬಾರದೆಂದೋ. ಇವತ್ತು ಹೋಗಿ ಕೇಳಿದರೂ ಹೇಳಿಯಾರು. ಉತ್ತರದಲ್ಲಿ ನಾನು ಎಲ್ಲಿಯೂ ಇಲ್ಲದಿದ್ದರೆ ಎಂಬ ಹೆದರಿಕೆಗೆ ಕೇಳಿಲ್ಲ. ಅವರು ಯಾಕೆ ಬಂದರೋ, ನನಗೆ ಗೊತ್ತಿಲ್ಲ.