ವಾಣವಾಗಿ ಹೋದ ಆಮೆ

ಆಮೆಯ ಚಿಪ್ಪಿಗೆ ಮೂರು ಹುಕ್ಕುಗಳು. ಎಡ ಮಗ್ಗುಲಲ್ಲಿ, ಹಿತ್ತಾಳೆಯವು. ನಾಲ್ಕು ಹಾಕಿದರೆ ಬಿಚ್ಚಿ ಮುಗಿಯುವುದರೊಳಗೆ ಓದುವವರಿಗೆ ಆಕಳಿಕೆ ಬರುತ್ತದೆ. ಎರಡೇ ಹಾಕಿದರೆ ಆಮೆ ಸ್ವಲ್ಪ ಅವಸರದವಳು ಅನ್ನಿಸುತ್ತದೆ. ಮೂರು ಎಂದು ತೀರ್ಮಾನಿಸಲು ನನಗೆ ಹನ್ನೊಂದು ದಿನ ಹಿಡಿಯಿತು.

ಇದನ್ನು ನಾನು ಯಾರ ಹತ್ತಿರವೂ ಹೇಳಿದವಳಲ್ಲ. ಗುಟ್ಟು ಕಾಯುವುದರಲ್ಲಿ ನಾನು ನಿಸ್ಸೀಮಳೆಂದೇ ತಿಳಿದಿದ್ದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವಳಿಗೆ ನಾಲ್ಕು ವರ್ಷವಾದರೂ ನನ್ನ ಹುಟ್ಟಿದ ದಿನ ಯಾವುದೆಂದು ಗೊತ್ತಿಲ್ಲ. ನಾನು ಓದಿದ್ದು ಇತಿಹಾಸ. ಪುಣೆಯಲ್ಲಿ ಹಳೆಯ ಕಾಗದಪತ್ರಗಳನ್ನು ಕಾಪಿಡುವ ಒಂದು ಸಂಸ್ಥೆಯಲ್ಲಿ ಅವುಗಳ ಪಟ್ಟಿ ಮಾಡುತ್ತೇನೆ. ಯಾರೋ ಸರದಾರ ಇನ್ಯಾರಿಗೋ ಕುದುರೆಯ ಮೇವಿನ ಬಗ್ಗೆ ಬರೆದ ಪತ್ರದ ಉದ್ದಗಲ ಅಳೆದು ಬರೆದಿಡುವ ಕೆಲಸ. ಇಂಥ ಹುಡುಗಿ ಕಳೆದ ಆರು ವರ್ಷಗಳಿಂದ, ದೊಡ್ಡವರಿಗೆ ಮಾತ್ರ ಎಂಬ ಎಚ್ಚರಿಕೆಯ ಚಿತ್ರಕಥೆಯೊಂದನ್ನು ಕನ್ನಡದಲ್ಲಿ ಬರೆದು ಚಿತ್ರಿಸಿ ಅಂತರ್ಜಾಲದಲ್ಲಿ ಹಾಕುತ್ತಿದ್ದಾಳೆ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ಚಿತ್ರಕಥೆ ನಿಂತಿತ್ತು.

ಅದರ ಹೆಸರು ‘ನದೀತೀರ ಸೊಸೈಟಿ’. ಅದು ಹುಟ್ಟಿದ್ದು ಕೋಥರೂಡದ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ. ನೀರಿನ ಟ್ಯಾಂಕರಿನ ಮೇಲೆ ಎರಡೂವರೆ ತಾಸು ಚರ್ಚೆ ನಡೆದಾಗ ನಾನು ಕಾರ್ಯಸೂಚಿಯ ಹಿಂಭಾಗದಲ್ಲಿ ಅಧ್ಯಕ್ಷರನ್ನು ಮಂಗಟ್ಟೆ ಹಕ್ಕಿಯಾಗಿ ಬರೆದೆ. ಕೊಕ್ಕು ದೊಡ್ಡದು, ಅದರ ಮೇಲೊಂದು ಶಿರಸ್ತ್ರಾಣ, ಒಳಗೆಲ್ಲ ಪೊಳ್ಳು. ಆಮೇಲೆ ಉಡ, ಮುಂಗುಸಿ, ಗೂಬೆ, ನೀರುನಾಯಿ ಎಲ್ಲರೂ ಒಬ್ಬೊಬ್ಬರಾಗಿ ಫ್ಲ್ಯಾಟ್ ತೆಗೆದುಕೊಂಡರು. ಮೊದಲ ಭಾಗದಲ್ಲಿಯೇ ಒಂದು ಧರ್ಮಸಂಕಟ ಎದುರಾಯಿತು. ನೀರುನಾಯಿ ತಿನ್ನುವುದು ಮೀನು. ಮೀನುಗಳೂ ಅದೇ ಸೊಸೈಟಿಯಲ್ಲಿ ಇದ್ದರೆ ಅವನು ಊಟಕ್ಕೆ ಏನು ಮಾಡಬೇಕು? ಬಹಳ ಯೋಚಿಸಿ, ಮೀನುಗಳನ್ನು ಬಾಡಿಗೆದಾರರನ್ನಾಗಿ ಮಾಡಿದೆ. ಸಭೆಯಲ್ಲಿ ಅವರಿಗೆ ಮತವಿಲ್ಲ. ಅವರಲ್ಲಿ ಒಬ್ಬರು ಕಡಿಮೆಯಾದರೆ ಯಾರೂ ವಿಚಾರಿಸುವುದಿಲ್ಲ. ಪುಣೆಯಲ್ಲಿ ಮನೆ ಬಾಡಿಗೆಗೆ ಹಿಡಿದವರೆಲ್ಲ ಈ ಭಾಗವನ್ನು ಮೆಚ್ಚಿ ಪತ್ರ ಬರೆದರು.

ಕತೆಯ ನಾಯಕಿ ಮಾತ್ರ ಎರಡನೆಯ ಭಾಗದಲ್ಲಿ ಬಂದಳು. ಗೋದಕ್ಕ ಎಂಬ ಆಮೆ. ಮದುವೆಯಾಗಿಲ್ಲ, ವಯಸ್ಸು ಐವತ್ತೆರಡು, ವಿಮಾ ಕಚೇರಿಯಲ್ಲಿ ಕೆಲಸ. ಎಲ್ಲರ ಮನೆಯ ಕೆಲಸಕ್ಕೂ ಮುಂದೆ, ಯಾರ ಮನೆಯ ಫೋಟೋದಲ್ಲಿಯೂ ಇಲ್ಲ. ಮೇಲಿನ ಮಹಡಿಗೆ ರಘುನಾಥರಾವ ಎಂಬ ಮೀಸೆಯ ನೀರುನಾಯಿ ಬಂದ ಮೇಲೆ ಅವಳ ಬದುಕು ಹೇಗೆ ದಾರಿ ತಪ್ಪುತ್ತದೆ ಎಂಬುದೇ ಉಳಿದ ಇತಿಹಾಸ. ಐದನೆಯ ಭಾಗದಲ್ಲಿ ಹುಕ್ಕುಗಳು ಬಂದವು. ಏಳನೆಯದರಲ್ಲಿ ಲೋಣಾವಳಾ ಗಿರಿಧಾಮ ಬಂತು. ಅದನ್ನು ವಿವರಿಸಲಾರೆ. ಚಿತ್ರಿಸುವುದು ಬೇರೆ, ಹೇಳುವುದು ಬೇರೆ.

ಓದುಗರ ಮುಂದೆ ಈಗಲೇ ಒಪ್ಪಿಕೊಂಡುಬಿಡುತ್ತೇನೆ: ಗೋದಕ್ಕ ನನ್ನ ಸೋದರತ್ತೆ. ನಾನು ವಿಜಯಪುರದಿಂದ ಓದಲಿಕ್ಕೆ ಬಂದಾಗಿನಿಂದ ಅತ್ತೆಯ ಮನೆಯಲ್ಲಿಯೇ ಇದ್ದೇನೆ. ಅವರೂ ಮದುವೆಯಾಗಿಲ್ಲ, ಅವರೂ ವಿಮಾ ಕಚೇರಿಯಲ್ಲಿಯೇ. ಕುತ್ತಿಗೆ ಸ್ವಲ್ಪ ಮುಂದೆ ಚಾಚಿ, ಲೋಕಕ್ಕೆಲ್ಲ ಸಾಕಾಗುವಷ್ಟು ಸಮಯವಿದೆ ಎಂಬಂತೆ ನಡೆಯುತ್ತಾರೆ. ನಾನು ನಡಿಗೆಯನ್ನಷ್ಟೇ ತೆಗೆದುಕೊಂಡೆ ಅಂದುಕೊಂಡಿದ್ದೆ. ಬರೆಯುತ್ತ ಬರೆಯುತ್ತ ಉಳಿದದ್ದೂ ಬಂದುಬಿಟ್ಟಿತು. ಆದ್ದರಿಂದ ಲೇಖಕರ ಹೆಸರು ಕೆ. ವಿ. ರಾವ್ ಎಂದು ಇಟ್ಟೆ. ಓದುಗರು ‘ಮಾನ್ಯ ರಾವ್ ಅವರೇ, ತಾವು ಬಹಳ ಸಂಸಾರ ಕಂಡವರೆಂದು ತಿಳಿಯುತ್ತದೆ’ ಎಂದು ಬರೆಯುತ್ತಿದ್ದರು. ಇಡೀ ಜಗತ್ತಿಗೆ ಗೊತ್ತಾದರೂ ಚಿಂತೆಯಿಲ್ಲ, ಅತ್ತೆಗೆ ಗೊತ್ತಾಗಬಾರದು. ನನ್ನ ಎಚ್ಚರವೆಲ್ಲ ಆ ಒಂದು ಮಾತಿನ ಸುತ್ತ ಇತ್ತು.

ಈ ಚಳಿಗಾಲದಲ್ಲಿ ಒಂಬತ್ತೂ ಭಾಗಗಳನ್ನು ಸೇರಿಸಿ ಪುಸ್ತಕ ಮಾಡಿದೆ. ನಲವತ್ತು ಪ್ರತಿ. ಮುಖಪುಟದಲ್ಲಿ ಒಂಬತ್ತು ಗಜದ ನವವಾರಿ ಸೀರೆ ಉಟ್ಟ ಮೊಲ, ಕೊಡೆ ಹಿಡಿದ ಉಡ, ಸೈಕಲ್ಲಿನ ಮೇಲೆ ನೀರುನಾಯಿ. ‘ದೊಡ್ಡವರಿಗೆ ಮಾತ್ರ’ ಎಂಬುದನ್ನು ಕೆಳಗಿನ ಮೂಲೆಯಲ್ಲಿ, ಒಂದು ಸಣ್ಣ ವೃತ್ತದೊಳಗೆ, ಬಹಳ ಸಣ್ಣ ಅಕ್ಷರದಲ್ಲಿ ಹಾಕಿಸಿದೆ. ದೊಡ್ಡದಾಗಿ ಹಾಕಿದರೆ ಅಸಭ್ಯ ಅನ್ನಿಸಿತು. ಗಂಟನ್ನು ಮಂಚದ ಕೆಳಗೆ ಇಟ್ಟೆ. ಕಸ ಗುಡಿಸುವಾಗ ಅತ್ತೆಯ ಕಸಬರಿಗೆಗೆ ಅದು ತಾಗಿತು.

“ಏನವಾ ಇದು ಗಂಟು?”

“ಮಕ್ಕಳ ಪುಸ್ತಕ ಅತ್ತಿ. ಹಂಚಲಿಕ್ಕೆ ಇಟ್ಟೀನಿ,” ಅಂದೆ. ಚಿಕ್ಕ ಸುಳ್ಳು. ಎರಡೇ ವಾಕ್ಯ.

ಸಂಕ್ರಾಂತಿ ಆದ ಮೇಲೆ ನಮ್ಮ ಸೊಸೈಟಿಯಲ್ಲಿ ಅರಿಸಿನ ಕುಂಕುಮದ ಸಮಾರಂಭ ನಡೆಯುತ್ತದೆ. ಬಂದ ಹೆಂಗಸರಿಗೆಲ್ಲ ಅರಿಸಿನ ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಒಂದೊಂದು ಚಿಕ್ಕ ಉಡುಗೊರೆ ಕೊಡುತ್ತಾರೆ. ಅದಕ್ಕೆ ವಾಣ ಅನ್ನುತ್ತಾರೆ. ಮೊದಲು ಮುತ್ತೈದೆಯರಿಗೆ ಮಾತ್ರ ಇತ್ತು. ಚೌಕಾಸಿಯಲ್ಲಿ ಗಟ್ಟಿಗರೆಂದು ವಾಣ ತರುವ ಕೆಲಸ ಪ್ರತಿ ವರ್ಷ ಅತ್ತೆಯದೇ. ಆದರೆ ತಂದ ವಾಣ ಅವರಿಗೇ ಇಲ್ಲ, ಗೋಡೆಗೆ ಆತು ನಿಂತಿರುತ್ತಿದ್ದರು. ಒಂದು ವರ್ಷ ಎಲ್ಲರ ಕೈಗೂ ಕೊಟ್ಟಾದ ಮೇಲೆ ಉಳಿದ ಒಂದು ಬಟ್ಟಲನ್ನು ತಾವೇ ಎತ್ತಿಕೊಂಡು, “ಇದು ನಂದು,” ಅಂದರಂತೆ. ಮರುವರ್ಷದಿಂದ ಎಲ್ಲ ಹೆಂಗಸರಿಗೂ ಕರೆ ಬರುತ್ತದೆ.

ಈ ಸಲ ಸ್ಟೀಲ್ ಡಬ್ಬಿ ಎಂದು ನಿರ್ಧಾರವಾಗಿತ್ತು. ನಾನು ಆಫೀಸಿನಿಂದ ಬರುವುದರೊಳಗೆ ಸಮಾರಂಭ ಮುಗಿದಿತ್ತು. ಡಬ್ಬಿಗಳೆಲ್ಲ ಅಡುಗೆಮನೆಯಲ್ಲಿಯೇ ಇದ್ದವು.

“ಡಬ್ಬಿ ಬಂದಾವು, ಮುಚ್ಚಳ ಬಂದಿಲ್ಲ. ಮುಚ್ಚಳಿಲ್ಲದ ಡಬ್ಬಿ ಕೊಟ್ರ ಮಂದಿ ಏನಂತಾರ?” ಅತ್ತೆ ಎಳ್ಳುಬೆಲ್ಲದ ತಟ್ಟೆ ತೊಳೆಯುತ್ತಿದ್ದರು. “ನಿನ್ನ ಮಕ್ಕಳ ಪುಸ್ತಕ ಇದ್ವಲ್ಲ. ಮೂವತ್ನಾಲ್ಕು ಕೊಟ್ಟೆ. ಎಲ್ಲಾರೂ ಭಾಳ ಖುಷಿಯಾದರು. ಈಗಿನ ಹುಡುಗೂರು ಮೊಬೈಲ್ ಬಿಟ್ಟು ಓದ್ಲಿ ಅಂದ್ರು.”

ನಾನು ನಿಂತಲ್ಲಿಯೇ ಕುಳಿತೆ. ಹಿಂದೆ ಸ್ಟೂಲ್ ಇದ್ದದ್ದು ಅದೃಷ್ಟ. “ಅತ್ತಿ, ಅವು ಮಕ್ಕಳಿಗಲ್ಲ. ವಾಪಸ್ ತರಬೇಕು.”

“ನೀನ ಹೇಳಿದ್ಯಲ್ಲ, ಮಕ್ಕಳ ಪುಸ್ತಕ, ಹಂಚಲಿಕ್ಕೆ ಅಂತ? ನಾ ಹಂಚಿದೆ. ಅರಿಸಿನ ಹಚ್ಚಿ ಕೊಟ್ಟ ವಾಣ ಯಾರರ ವಾಪಸ್ ಕೇಳ್ತಾರೇನ?” ಎಂದು ತಟ್ಟೆ ಬೋರಲು ಹಾಕಿದರು. ಆಮೇಲೆ ನಿಧಾನವಾಗಿ ಕೇಳಿದರು, “ಮಕ್ಕಳಿಗಲ್ಲ ಅಂದ್ರ?”

“ಸ್ವಲ್ಪ ದೊಡ್ಡ ಮಕ್ಕಳಿಗೆ,” ಅಂದೆ.

ಉಳಿದ ಆರು ಪ್ರತಿಗಳಲ್ಲಿ ಒಂದು ಮರುದಿನ ಕಾಣಲಿಲ್ಲ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮುಖ್ಯ ಸಂಗತಿಗಳೆಲ್ಲ ಹೀಗೆಯೇ ನಡೆಯುತ್ತವೆ.

ನನಗಿದ್ದ ಒಂದೇ ಸಮಾಧಾನ, ಸೊಸೈಟಿಯಲ್ಲಿ ಕನ್ನಡ ಬಲ್ಲ ಮನೆಗಳು ಮೂರೇ. ಒಂದು ನಮ್ಮದು. ಇನ್ನೊಂದು ನಿವೃತ್ತ ಗುಮಾಸ್ತ ಪಾಟೀಲ ಮಾಮಾ ಅವರದು. ಅವರ ಮನೆಯಲ್ಲಿ ಹೆಂಗಸರಿಲ್ಲದ್ದರಿಂದ ವಾಣ ಹೋಗಿರಲಿಲ್ಲ. ಮೂರನೆಯದು ವನಜಕ್ಕ, ಉಡುಪಿ ಕಡೆಯವರು, ಗಂಡನದು ಹೋಟೆಲು. ವನಜಕ್ಕನ ಪ್ರತಿಯೊಂದನ್ನು ಹೇಗಾದರೂ ತಂದರೆ ಉಳಿದ ಮೂವತ್ತಮೂರು ಬರೀ ಪ್ರಾಣಿಚಿತ್ರ. ಹೀಗೆ ಲೆಕ್ಕ ಹಾಕಿ ಮರುದಿನ ಸಂಜೆ ಅವರ ಮನೆಗೆ ಹೋದೆ.

ಬಾಗಿಲು ತೆರೆದೇ ಇತ್ತು. ದಿವಾನದ ಮೇಲೆ, ನೆಲದ ಮೇಲೆ ಏಳೆಂಟು ಜನ ಹೆಂಗಸರು. ಎಲ್ಲರ ತೊಡೆಯ ಮೇಲೂ ನನ್ನ ಪುಸ್ತಕ. ನಡುವೆ ವನಜಕ್ಕ ಕನ್ನಡಕ ಏರಿಸಿಕೊಂಡು, ಕನ್ನಡ ಓದಿ ಮರಾಠಿಯಲ್ಲಿ ಹೇಳುತ್ತಿದ್ದರು. ಏಳನೆಯ ಭಾಗ ನಡೆದಿತ್ತು. ನನ್ನ ಲೋಣಾವಳಾದಲ್ಲಿ ಮಳೆ ಇಲ್ಲ. ಅವರ ಲೋಣಾವಳಾದಲ್ಲಿ ಭೋರೆಂದು ಸುರಿಯುತ್ತಿತ್ತು. ನೀರುನಾಯಿಗೆ ನಾನು ಕೊಡದ ಒಬ್ಬ ತಾಯಿಯನ್ನೂ ಅವರು ಕೊಟ್ಟಿದ್ದರು. ಆ ತಾಯಿ ಮೊಸಳೆ.

“ಪುಢೆ? ಪುಢೆ?” ಎಂದು ಎಲ್ಲರೂ ಮುಂದೇನಾಯಿತೆಂದು ಅವಸರ ಮಾಡುತ್ತಿದ್ದರು.

“ಬಾ ಮಾರಾಯ್ತಿ, ಕೂತ್ಕೋ,” ಅಂದರು ವನಜಕ್ಕ. “ನಿನ್ನ ಅತ್ತೆ ಎಂಥ ವಾಣ ಕೊಟ್ರು ಗೊತ್ತುಂಟಾ? ಇಪ್ಪತ್ತು ವರ್ಷದಿಂದ ಸೋಪಿನ ಡಬ್ಬಿ ತಗೊಂಡು ತಗೊಂಡು ಸಾಕಾಗಿತ್ತು. ಬರೆದವನಿಗೆ ಅರವತ್ತಾದ್ರೂ ಆಗಿರ್ಬೇಕು. ಹೆಂಗಸರನ್ನು ದೂರದಿಂದ ನೋಡಿ ನೋಡಿಯೇ ಮುದುಕ ಆದವ.” ಮಂಗಟ್ಟೆ ನಮ್ಮ ಅಧ್ಯಕ್ಷರೇ ಎಂದು ಎಲ್ಲರಿಗೂ ಮೊದಲೇ ತಿಳಿದುಹೋಗಿದ್ದರಿಂದ ಲೇಖಕ ಇದೇ ಕಟ್ಟಡದವ ಎಂದು ಸಿದ್ಧವಾಗಿತ್ತು. ಕನ್ನಡ ಬರೆಯುವವರು, ಅರವತ್ತು ದಾಟಿದವರು, ಒಂಟಿ. ಎಲ್ಲ ಬೆರಳುಗಳೂ ಪಾಟೀಲ ಮಾಮಾ ಅವರ ಕಡೆ ತಿರುಗಿದವು. ನನ್ನ ಕಡೆ ಒಂದು ಕಣ್ಣೂ ತಿರುಗಲಿಲ್ಲ. ಆಮೆ ಅತ್ತೆಯ ಹಾಗಿದೆ ಎಂದೂ ಯಾರಿಗೂ ಹೊಳೆದಿರಲಿಲ್ಲ. ನೆಮ್ಮದಿಯಾಯಿತು. ಸ್ವಲ್ಪ ಅವಮಾನವೂ ಆಯಿತು.

ಮರುದಿನ ಲಿಫ್ಟಿನ ಮುಂದೆ ವನಜಕ್ಕ ಮಾಮಾ ಅವರನ್ನು ಹಿಡಿದರು. “ಪಾಟೀಲ್ರೇ, ನಿಮ್ಮದು ಓದಿದೆ. ನಿದ್ದೆ ಬರ್ಲಿಲ್ಲ ಮಾರಾಯ್ರೆ!”

ಕನ್ನಡ ಸಂಘದ ಸಂಚಿಕೆಯಲ್ಲಿ ಮಾಮಾ ಅವರದೊಂದು ಕವಿತೆ ಆಗಷ್ಟೇ ಅಚ್ಚಾಗಿತ್ತು. ತಾಯ್ನುಡಿಯ ಮೇಲೆ, ಹದಿನಾರು ನುಡಿ. ಅದು ಇಷ್ಟು ಬೇಗ ಒಬ್ಬರ ನಿದ್ದೆ ಕೆಡಿಸೀತೆಂದು ಅವರಿಗೂ ಅಂದಾಜು ಇರಲಿಲ್ಲ. “ಏನೋ ರೀ, ಕೈಲಾದ ಸೇವಾ,” ಎಂದು ಕೈ ಮುಗಿದರು. ಸಂಜೆಯೊಳಗೆ ಆರು ಜನ ಅಭಿನಂದಿಸಿದರು. ಒಬ್ಬರು ಸಾಬೂದಾನಿ ವಡೆ ಕಳಿಸಿದರು. ನಿಜ ಸಂಗತಿ ಅವರಿಗೆ ತಿಳಿಯುವಷ್ಟರಲ್ಲಿ ವಡೆ ತಿಂದಾಗಿತ್ತು. ‘ಹೆಸರು ಬೇರೆ ಇದೆಯಲ್ಲ’ ಎಂದು ಯಾರೋ ಕೇಳಿದಾಗ, “ಹೆಸರಿನಾಗ ಏನದ ಬಿಡ್ರಿ,” ಅಂದರಂತೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಇಂಥ ವಾಕ್ಯ ಬರೆಯಲು ನನಗೆ ಎಷ್ಟೋ ವರ್ಷ ಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೆಸರು ಅವರಿಗೆ, ಗುಟ್ಟು ನನಗೆ. ಒಳ್ಳೆಯ ಪಾಲು. ಆದರೆ ಭಾನುವಾರ ಬೆಳಿಗ್ಗೆ ಸೊಸೈಟಿಯ ತೋಟದಲ್ಲಿ ಮಾಮಾ ವ್ಯಾಖ್ಯಾನ ಮಾಡಿದರು. ಬೆಂಚಿನ ಮೇಲೆ ಅವರು, ಸುತ್ತ ಹೆಂಗಸರು, ಒಂದು ಬದಿಗೆ ಶೇಂಗಾ ಚಿಕ್ಕಿಯ ತಟ್ಟೆ ಹಿಡಿದು ಅತ್ತೆ. ನಾನು ಹಾಲಿನ ಚೀಲ ಹಿಡಿದು ದಾಟಿ ಹೋಗುತ್ತಿದ್ದೆ. ಮಾಮಾ ಮರಾಠಿಯಲ್ಲಿ ವಿವರಿಸುತ್ತಿದ್ದರು: ಆಮೆ ಎಂದರೆ ಇಂದ್ರಿಯಗಳನ್ನು ಒಳಗೆಳೆದುಕೊಂಡ ಜೀವಾತ್ಮ. ಮೇಲಿನ ಮಹಡಿಯ ನೀರುನಾಯಿ ಪರಮಾತ್ಮ. ಮೂರು ಹುಕ್ಕುಗಳು ಮೂರು ಗುಣಗಳು, ಸತ್ವ, ರಜ, ತಮ. ಚಿಪ್ಪು ಕಳಚುವುದೇ ಮೋಕ್ಷ.

ಸಿಕ್ಕಿಬೀಳುವುದನ್ನು ಸಹಿಸಲು ನಾನು ಆರು ವರ್ಷ ತಯಾರಿ ಮಾಡಿಕೊಂಡಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಹನ್ನೊಂದು ದಿನ!

“ಗೋದಕ್ಕ ಜೀವಾತ್ಮ ಅಲ್ಲ,” ಅಂದೆ. ನನ್ನ ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. “ಅವಳು ಆಮೆ. ವಯಸ್ಸು ಐವತ್ತೆರಡು. ಮದುವೆಯಾಗಿಲ್ಲ. ವಿಮಾ ಕಚೇರಿಯಲ್ಲಿ ಕೆಲಸ ಮಾಡ್ತಾಳೆ. ಅವಳಿಗೆ ಆ ನೀರುನಾಯಿ ಇಷ್ಟ. ಚಿಪ್ಪು ತೆಗೆದದ್ದು ಅದಕ್ಕೇ, ಮೋಕ್ಷಕ್ಕಲ್ಲ.” ಎಲ್ಲರಿಗೂ ತಿಳಿಯಲೆಂದು ಇದನ್ನೇ ಮರಾಠಿಯಲ್ಲಿಯೂ ಹೇಳಿದೆ. ನಿಖರತೆ ನನ್ನ ವೃತ್ತಿದೋಷ.

“ನಿಂಗೆ ಹೇಗೆ ಗೊತ್ತು?” ಅಂದರು ವನಜಕ್ಕ.

“ಬರೆದದ್ದು ನಾನು.”

ಮೊದಲು ಎಲ್ಲರೂ ನನ್ನನ್ನು ನೋಡಿದರು. ಆಮೇಲೆ, ಮದುವೆಯಾಗದ, ವಿಮಾ ಕಚೇರಿಯ, ಎಂಬ ಮಾತುಗಳು ತಲೆಯೊಳಗೆ ಇಳಿದಂತೆ, ಒಬ್ಬೊಬ್ಬರ ಮುಖವೂ ಚಿಕ್ಕಿಯ ತಟ್ಟೆಯ ಕಡೆಗೆ ತಿರುಗಿತು. ಆರು ವರ್ಷ ಅತ್ತೆಯಿಂದ ಮುಚ್ಚಿಟ್ಟದ್ದನ್ನು ಅರ್ಧ ನಿಮಿಷದಲ್ಲಿ, ಎರಡು ಭಾಷೆಗಳಲ್ಲಿ, ಅವರ ಎದುರಿಗೇ ಊರಿಗೆಲ್ಲ ಹೇಳಿದ್ದೆ.

ಅತ್ತೆ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟರು. “ತಗೋರಿ, ಗಾಳಿಗೆ ಮೆತ್ತಗಾಗ್ತಾವು,” ಎಂದು ಹೇಳಿ, ತಮ್ಮ ಎಂದಿನ ನಡಿಗೆಯಲ್ಲಿ ಮನೆಯ ಕಡೆ ಹೊರಟರು. ನನ್ನ ಹಿಂದೆ ಮಾಮಾ ಗಂಭೀರವಾಗಿ ಹೇಳುತ್ತಿದ್ದರು, “ಹಂಗಾರ ತಾತ್ಪರ್ಯ ಅಷ್ಟು ನಂದು ಅಂತ ತಿಳೀರಿ.”

ಸಂಜೆ ಅತ್ತೆ ಚಹಾ ಮಾಡಿ ಎರಡು ಕಪ್ಪು ತಂದು ಎದುರಿಗೆ ಕುಳಿತರು.

“ಮೊದಲನೇ ದಿನಾನ ಗೊತ್ತಾತು ನನಗ. ಗ್ಯಾಸ್ ಬಂದ್ ಮಾಡಿ, ಬಂದು ಕೂತು, ಮತ್ತ ಎದ್ದು ಹೋಗಿ ನೋಡಿ ಬರ್ತಾಳಲ್ಲ ನಿನ್ನ ಗೋದಕ್ಕ, ನನ್ನ ಹಂಗ.”

“ಸಿಟ್ಟು ಬಂದದ ಏನು ಅತ್ತಿ?”

“ಬಂದದ.” ಒಂದು ಗುಟುಕು ಕುಡಿದರು. “ಮಂದಿ ಏನಂದಾರು ಅಂತಲ್ಲ. ಈ ವಯಸ್ಸಿನಾಗ ಮಂದಿ ನನ್ನ ಬಗ್ಗೆ ಏನರ ಅನ್ನಲಿಕ್ಕೆ ಸುರು ಮಾಡಿದ್ರ ಛಲೋನ ಆತು. ನನ್ನ ಒಂದು ಮಾತು ಕೇಳಬೇಕಿತ್ತು ನೀನು.”

ತಪ್ಪಾಯಿತು ಅಂದೆ. ಅವರು ಕಪ್ಪನ್ನು ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡರು.

“ಎಲ್ಲಾ ಬರೋಬ್ಬರಿ ಬರದೀ. ನೀರುನಾಯಿ ಅಷ್ಟು ತಪ್ಪಾಗ್ಯದ. ಅವರಿಗೆ ಮೀಸಿ ಇದ್ದಿಲ್ಲ.”

ನಾನು ತಲೆ ಎತ್ತಿದೆ. ನೀರುನಾಯಿಯನ್ನು ನಾನು ಯಾರನ್ನೂ ನೋಡಿ ಬರೆದಿರಲಿಲ್ಲ. ಅವನು ಪೂರ್ತಿ ನನ್ನ ಕಲ್ಪನೆ. “ಯಾರಿಗೆ ಅತ್ತಿ?”

“ಚಾ ಆರ್ತದ ನೋಡು,” ಎಂದು ತಮ್ಮ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಕಾಗದಪತ್ರ ನೋಡದೆ ಒಂದು ಸಾಲೂ ಬರೆಯಬಾರದು ಎಂದು ನನಗೆ ಐದು ವರ್ಷ ಕಲಿಸಿದ್ದಾರೆ. ಒಂಬತ್ತು ಭಾಗ ಬರೆಯುವವರೆಗೂ ಮೂಲ ದಾಖಲೆ ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿತ್ತು. ನಾನು ಬಾಗಿಲು ಮುಂದೆ ಮಾಡಿಕೊಂಡು ಊಹೆ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಎದ್ದು, ಹತ್ತನೆಯ ಭಾಗದ ಮೊದಲ ಪುಟ ತೆಗೆದು, ರಘುನಾಥರಾವನ ಮೀಸೆಯನ್ನು ರಬ್ಬರಿನಿಂದ ಅಳಿಸಿದೆ. ಮೀಸೆಯಿಲ್ಲದ ನೀರುನಾಯಿ ಬೇಯಿಸಿ ಸುಲಿದ ಬಟಾಟೆಯ ಹಾಗೆ ಕಾಣುತ್ತದೆ. ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ಪುಟವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಅತ್ತೆ ಹಾಲು ಉಕ್ಕದಂತೆ ಗ್ಯಾಸು ಸಣ್ಣ ಮಾಡುವವರೆಗೆ ಕಾದು, ಅವರ ಮುಖ ನೋಡದೆ ಕೇಳಿದೆ:

“ಅತ್ತಿ, ಅವರು ಚಷ್ಮಾ ಹಾಕ್ಕೋತಿದ್ರೇನು?”